ದವಡೆಯ ಕೀಲುನೋವು: ಅರಿವು, ಆರೈಕೆ ಮತ್ತು ಭೌತಚಿಕಿತ್ಸೆ



ಮೊಣಕಾಲು, ಸೊಂಟ, ಕುತ್ತಿಗೆಗಳ ನೋವನ್ನು ಕುರಿತು ನಾವೆಲ್ಲರೂ ಮಾತನಾಡುತ್ತೇವೆ. ಆದರೆ ಉಣ್ಣುವಾಗ, ಮಾತನಾಡುವಾಗ, ಹಾಡುವಾಗ, ಆಕಳಿಸುವಾಗ, ಉಗುಳು ನುಂಗುವಾಗ ಕೂಡ ಚಲಿಸುವ ಒಂದು ಕೀಲನ್ನು ನೋವು ಬರುವ ತನಕ ನಾವು ನೆನೆಯುವುದೇ ಇಲ್ಲ. ಅದು ದವಡೆಯ ಕೀಲು. ಚೌಡಾಪುರದ ಆಸುಪಾಸಿನ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯಲ್ಲಿ ಜೋಳದ ರೊಟ್ಟಿಯೇ ನಿತ್ಯದ ಊಟ. ರೊಟ್ಟಿ ಮುರಿದು ಬಾಯಿಗಿಟ್ಟೊಡನೆ ಕಿವಿಯ ಮುಂದೆ ಚುಳುಕು ಹೊಡೆದರೆ ಮನುಷ್ಯ ಮೊದಲು ರೊಟ್ಟಿಯನ್ನು ಬಿಡುತ್ತಾನೆ, ಆಮೇಲೆ ಊಟವನ್ನೇ ಕಡಿಮೆ ಮಾಡುತ್ತಾನೆ, ಕೊನೆಗೆ ಮಾತನ್ನೂ ಕಡಿಮೆ ಮಾಡುತ್ತಾನೆ.

ಈ ನೋವು ಕಿವಿಯದೆಂದು ತಿಳಿದು ಕಿವಿಗೆ ಎಣ್ಣೆ ಬಿಡುವವರು ಉಂಟು. ಹಲ್ಲಿನದೆಂದು ತಿಳಿದು ಗಟ್ಟಿಯಾದ ಹಲ್ಲನ್ನು ಕೀಳಿಸಿಕೊಳ್ಳುವವರೂ ಉಂಟು. ಇನ್ನು ಕೆಲವರು, ಇದಕ್ಕೆ ಶಸ್ತ್ರಕ್ರಿಯೆಯೇ ಗತಿಯೆಂದು ಹೆದರಿ ಯಾರಿಗೂ ಹೇಳದೆ ಸಹಿಸುತ್ತಾರೆ. ಬಹುಪಾಲು ಜನರಲ್ಲಿ ಈ ಮೂರರ ಅಗತ್ಯವೂ ಇರುವುದಿಲ್ಲ. ಕೀಲಿನ ಕೆಲಸವನ್ನು ಅರಿತು, ಅದಕ್ಕೆ ವಿಶ್ರಾಂತಿ ಕೊಟ್ಟು, ಸರಿಯಾದ ವ್ಯಾಯಾಮ ಮಾಡಿದರೆ ನೋವು ತಗ್ಗುತ್ತದೆ. ಆದರೆ ದವಡೆಯ ಕೀಲುನೋವಿನಂತೆ ತೋರುವ ಕೆಲವು ಗಂಭೀರ ರೋಗಗಳೂ ಇವೆ. ಅವನ್ನು ಗುರುತಿಸುವುದನ್ನೂ ಈ ಪಾಠದಲ್ಲಿ ತಿಳಿಯೋಣ.

ಕೀಲಿನ ರಚನೆ

ಎರಡೂ ಕೈಗಳ ತೋರುಬೆರಳುಗಳನ್ನು ಕಿವಿಯ ರಂಧ್ರದ ಮುಂದೆ ಇಟ್ಟು ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿದರೆ, ಬೆರಳಿನ ಕೆಳಗೆ ಒಂದು ಎಲುಬು ಮುಂದಕ್ಕೂ ಹಿಂದಕ್ಕೂ ಸರಿಯುವುದು ತಿಳಿಯುತ್ತದೆ. ಅದು ಕೆಳದವಡೆಯ ಎಲುಬಿನ ತುದಿ. ಕಿವಿಯ ಮುಂದೆ ತಲೆಬುರುಡೆಯ ಎಲುಬಿನಲ್ಲಿರುವ ಕುಳಿಯೊಂದರಲ್ಲಿ ಆ ತುದಿ ಕೂಡಿಕೊಂಡಿದೆ. ಇವೆರಡರ ನಡುವೆ ಮೆತ್ತನೆಯ ತೆಳು ಬಿಲ್ಲೆಯೊಂದಿದೆ. ಎಲುಬಿಗೆ ಎಲುಬು ಉಜ್ಜದಂತೆ ಕಾಯುವುದು ಅದರ ಕೆಲಸ.

ಬಾಗಿಲಿನ ತಿರುಗಣಿ ಒಂದೇ ಜಾಗದಲ್ಲಿ ತಿರುಗುತ್ತದೆ. ದವಡೆಯ ಕೀಲು ಹಾಗಲ್ಲ. ಬಾಯಿ ತೆರೆಯುವ ಮೊದಲ ಭಾಗದಲ್ಲಿ ಅದು ತಿರುಗುತ್ತದೆ, ಇನ್ನೂ ದೊಡ್ಡದಾಗಿ ತೆರೆದಾಗ ಬಿಲ್ಲೆಯೊಡನೆ ಮುಂದಕ್ಕೆ ಜಾರುತ್ತದೆ. ಎಡಬಲದ ಎರಡು ಕೀಲುಗಳೂ ಒಂದೇ ಎಲುಬಿಗೆ ಸೇರಿರುವುದರಿಂದ, ಒಂದು ಕಡೆ ಚಲನೆ ತಪ್ಪಿದರೆ ಇನ್ನೊಂದು ಕಡೆಗೂ ಭಾರ ಬೀಳುತ್ತದೆ. ನೊಗದ ಒಂದು ಎತ್ತು ಕುಂಟಿದರೆ ಜೊತೆಯ ಎತ್ತು ದಣಿಯುವಂತೆ.

ಈ ಕೀಲನ್ನು ಆಡಿಸುವ ಸ್ನಾಯುಗಳಲ್ಲಿ ಎರಡನ್ನು ನಾವೇ ಮುಟ್ಟಿ ನೋಡಬಹುದು. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಗಟ್ಟಿಯಾಗಿ ಉಬ್ಬುವುದು ಒಂದು, ಕಣತಲೆಯಲ್ಲಿ ಬಿಗಿಯುವುದು ಮತ್ತೊಂದು. ಇನ್ನೆರಡು ಸ್ನಾಯುಗಳು ದವಡೆಯ ಒಳಮಗ್ಗುಲಲ್ಲಿವೆ. ದವಡೆಯ ನೋವುಳ್ಳವರಿಗೆ ಕಣತಲೆ ನೋಯುವುದು, ಕಿವಿ ತುಂಬಿದಂತೆ ಆಗುವುದು, ಕುತ್ತಿಗೆ ಬಿಗಿಯುವುದು ಏಕೆಂಬುದು ಇದರಿಂದ ಅರ್ಥವಾಗುತ್ತದೆ. ಕಿವಿಯಲ್ಲಿ ರೋಗವಿರುವುದಿಲ್ಲ, ಕಿವಿಯ ನೆರೆಯಲ್ಲಿರುವ ಕೀಲಿನಲ್ಲಿ ಇರುತ್ತದೆ.

ಹಳೆಯ ಅರಿವು, ಹೊಸ ಅರಿವು

ಈ ವ್ಯಾಧಿ ಹೊಸದಲ್ಲ. ಸಂಸ್ಕೃತದಲ್ಲಿ ದವಡೆಗೆ ‘ಹನು’ ಎಂದು ಹೆಸರು. ಹನುಮಂತನ ಹೆಸರಿನಲ್ಲಿರುವುದೂ ಈ ಪದವೇ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ‘ಹನುಸ್ರಂಸ’ ಎಂಬ ವಾತವ್ಯಾಧಿಯ ವಿವರಣೆಯಿದೆ. ಒಣಗಿದ ಪದಾರ್ಥಗಳನ್ನು ಅಗಿಯುವುದು, ಪೆಟ್ಟು ಬೀಳುವುದು ಮುಂತಾದವು ಅದಕ್ಕೆ ಕಾರಣವೆಂದೂ, ಆಗ ಬಾಯಿ ತೆರೆದೇ ಉಳಿಯುವುದು ಇಲ್ಲವೇ ಮುಚ್ಚಿಯೇ ಉಳಿಯುವುದೆಂದೂ ಅಲ್ಲಿ ಹೇಳಿದೆ. ಕೀಲು ಜಾರಿದಾಗ ಮತ್ತು ಸಿಕ್ಕಿಕೊಂಡಾಗ ಕಾಣುವ ಎರಡು ಸ್ಥಿತಿಗಳನ್ನು ಪ್ರಾಚೀನರು ಸರಿಯಾಗಿಯೇ ಗಮನಿಸಿದ್ದರು.

ಆಧುನಿಕ ಕಾಲದಲ್ಲಿ ಅಮೆರಿಕದ ಕಿವಿ-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ 1934ರಲ್ಲಿ, ಕಿವಿನೋವೆಂದು ಬರುವ ಕೆಲವರ ತೊಂದರೆಯ ಮೂಲ ದವಡೆಯ ಕೀಲಿನಲ್ಲಿದೆ ಎಂದು ಬರೆದರು. ಹಲ್ಲುಗಳು ಸರಿಯಾಗಿ ಕೂಡದಿರುವುದೇ ಇದಕ್ಕೆ ಮುಖ್ಯ ಕಾರಣವೆಂಬ ಭಾವನೆ ಆಗಿನಿಂದ ಬಹುಕಾಲ ಉಳಿಯಿತು. ಹಲ್ಲುಗಳನ್ನು ಉಜ್ಜಿ ಸಮಮಾಡುವ ಚಿಕಿತ್ಸೆಗಳೂ ನಡೆದವು. ಈಗ ಆ ತಿಳಿವಳಿಕೆ ಬದಲಾಗಿದೆ. ಸ್ನಾಯುಗಳ ದಣಿವು, ಬಿಲ್ಲೆಯ ಸ್ಥಾನಪಲ್ಲಟ, ಕೀಲಿನ ಸವೆತ, ಪೆಟ್ಟು, ನಿದ್ರೆಯ ಕೊರತೆ, ಮನಸ್ಸಿನ ಒತ್ತಡ ಇವುಗಳಲ್ಲಿ ಹಲವು ಕೂಡಿ ನೋವು ಹುಟ್ಟುತ್ತದೆ ಎಂದು ತಜ್ಞರು ಒಪ್ಪುತ್ತಾರೆ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು, ದೀರ್ಘಕಾಲದ ದವಡೆ ನೋವಿಗೆ ತಿಳಿವಳಿಕೆ, ಮನೆಯ ವ್ಯಾಯಾಮ, ಚಿಕಿತ್ಸಕರ ಕೈಯಿಂದ ದವಡೆಯನ್ನು ಸಡಿಲಿಸುವುದು, ಭಂಗಿಯ ವ್ಯಾಯಾಮ, ಮನಸ್ಸಿನ ಒತ್ತಡವನ್ನು ನಿಭಾಯಿಸುವ ಅಭ್ಯಾಸ ಇವನ್ನು ಬಲವಾಗಿ ಶಿಫಾರಸು ಮಾಡಿದೆ. ಬಿಲ್ಲೆಯನ್ನು ತೆಗೆಯುವ ಶಸ್ತ್ರಕ್ರಿಯೆಯಂತಹ, ಮತ್ತೆ ಹಿಂದಕ್ಕೆ ತರಲಾಗದ ಕ್ರಮಗಳು ಬೇಡವೆಂದಿದೆ.

ಲಕ್ಷಣಗಳು ಮತ್ತು ಕಾರಣಗಳು

ಅಗಿಯುವಾಗ ಕಿವಿಯ ಮುಂದೆ ಅಥವಾ ಕೆನ್ನೆಯಲ್ಲಿ ನೋವು, ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುವುದು, ಬಾಯಿ ತೆರೆಯುವಾಗ ಒಂದು ಕಡೆಗೆ ಸೊಟ್ಟಾಗುವುದು, ‘ಟಕ್’ ಎಂಬ ಸದ್ದು, ಕೆಲವೊಮ್ಮೆ ದವಡೆ ಸಿಕ್ಕಿಕೊಂಡು ಬಾಯಿ ಪೂರ್ಣ ತೆರೆಯದಿರುವುದು ಇದರ ಲಕ್ಷಣಗಳು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಅದರಲ್ಲೂ ಯೌವನ ಮತ್ತು ನಡುವಯಸ್ಸಿನಲ್ಲಿ ಹೆಚ್ಚು ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನೋವಿಲ್ಲದೆ, ಬಾಯಿ ಚೆನ್ನಾಗಿ ತೆರೆಯುತ್ತಿದ್ದು, ಬರಿಯ ‘ಟಕ್’ ಸದ್ದು ಮಾತ್ರ ಬರುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಆರೋಗ್ಯವಂತರಾದ ಬಹಳ ಜನರಲ್ಲಿ ಈ ಸದ್ದು ಇರುತ್ತದೆ. ಸದ್ದಿನ ಜೊತೆಗೆ ನೋವು ಸೇರಿದಾಗ, ಇಲ್ಲವೇ ಬಾಯಿ ತೆರೆಯುವ ಅಳತೆ ಕುಗ್ಗಿದಾಗ ಎಚ್ಚರವಹಿಸಬೇಕು.

ನಮ್ಮ ಭಾಗದ ಬದುಕಿನಲ್ಲಿ ದವಡೆಗೆ ಭಾರವಾಗುವ ಸಂಗತಿಗಳು ಹಲವು. ಖಡಕ್ ಜೋಳದ ರೊಟ್ಟಿ, ಎಳ್ಳಮವಾಸ್ಯೆಯ ಸಜ್ಜೆ ರೊಟ್ಟಿ, ಹುರಿದ ಶೇಂಗಾ, ಕಬ್ಬು ಇವು ಆರೋಗ್ಯವಂತ ದವಡೆಗೆ ಒಳ್ಳೆಯ ಆಹಾರವೇ. ನೋವಿರುವ ದವಡೆಗೆ ಮಾತ್ರ ಅವು ಹೊರೆ. ಒಂದು ಕಡೆಯ ಹಲ್ಲು ಹೋದ ಮೇಲೆ ಇನ್ನೊಂದು ಕಡೆಯಿಂದಲೇ ಅಗಿಯುವುದು, ಕಳೆ ತೆಗೆಯುತ್ತ ದಿನವಿಡೀ ಬಗ್ಗಿರುವುದು, ಮೊಬೈಲನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕತ್ತು ಬಾಗಿಸುವುದು ಕುತ್ತಿಗೆಯ ಮೂಲಕ ದವಡೆಯನ್ನು ದಣಿಸುತ್ತವೆ. ಇವೆಲ್ಲಕ್ಕಿಂತ ಗುಪ್ತವಾದ ಕಾರಣವೆಂದರೆ ಹಲ್ಲು ಕಚ್ಚುವುದು. ಮಳೆ ಕೈಕೊಟ್ಟಾಗ, ತೊಗರಿ ಒಣಗಿದಾಗ, ಸಾಲದ ಕಂತು ಬಂದಾಗ, ಮಗಳ ಮದುವೆಯ ಚಿಂತೆ ಹತ್ತಿದಾಗ ಮನುಷ್ಯ ತನಗರಿವಿಲ್ಲದೆ ಹಲ್ಲಿಗೆ ಹಲ್ಲು ಒತ್ತುತ್ತಾನೆ. ರಾತ್ರಿ ನಿದ್ರೆಯಲ್ಲಿಯೂ ಕಟಕಟ ಕಡಿಯುತ್ತಾನೆ. ತಂಬಾಕು, ಮದ್ಯ, ವಿಪರೀತ ಚಹಾ ಈ ಅಭ್ಯಾಸವನ್ನು ಹೆಚ್ಚಿಸುತ್ತವೆ.

ಇವು ಕೀಲುನೋವಲ್ಲ: ತಡಮಾಡದಿರಿ

ಮನೆಯ ವ್ಯಾಯಾಮಕ್ಕೆ ತೊಡಗುವ ಮೊದಲು ಈ ಕೆಳಗಿನ ಸ್ಥಿತಿಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಒಂದು, ಹೃದಯದ ನೋವು. ನಡೆಯುವಾಗ, ಭಾರ ಎತ್ತುವಾಗ, ಮೆಟ್ಟಿಲು ಹತ್ತುವಾಗ ದವಡೆಯಲ್ಲಿ ನೋವು ಬಂದು, ನಿಂತಾಗ ಇಳಿದರೆ ಅದು ಕೀಲಿನದಲ್ಲ. ದವಡೆನೋವಿನ ಜೊತೆ ಎದೆಯಲ್ಲಿ ಒತ್ತಡ, ಬೆವರು, ಉಬ್ಬಸ, ಎಡಗೈ ಸೆಳೆತ ಇದ್ದರೆ ಕೂಡಲೇ 108ಕ್ಕೆ ಕರೆಮಾಡಬೇಕು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿಲ್ಲದೆಯೂ ಹೃದಯಾಘಾತ ಆಗಬಹುದೆಂಬುದನ್ನು ಮರೆಯಬಾರದು.

ಎರಡು, ಅಡಿಕೆ ಮತ್ತು ಗುಟ್ಕಾದಿಂದ ಬರುವ ಬಾಯಿಯ ಬಿಗಿತ. ಅಡಿಕೆಯನ್ನು ವರ್ಷಗಟ್ಟಲೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿ, ನಾರಿನಂತೆ ಗಟ್ಟಿಯಾಗಿ, ಬಾಯಿ ಮೆಲ್ಲಮೆಲ್ಲಗೆ ಮುಚ್ಚುತ್ತ ಬರುತ್ತದೆ. ಖಾರ ತಿಂದರೆ ಉರಿ ಇದರ ಮೊದಲ ಸೂಚನೆ. ಇದು ಮುಂದೆ ಬಾಯಿ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿಯೇ ಪ್ರಕಟಿಸಿದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಗಳಲ್ಲಿ ಕೊಂಡು ಬೆರೆಸಿ ಅಗಿಯುವುದು ನಿಂತಿಲ್ಲ. ಬಾಯಿ ತೆರೆಯಲಾಗದ ತರುಣರು ‘ದವಡೆ ಹಿಡಿದಿದೆ’ ಎಂದು ಶಾಖ ಕೊಡುತ್ತ ಕೂರುವುದು ಅಪಾಯ. ಅಗಿಯುವುದನ್ನು ಅಂದೇ ಬಿಟ್ಟು ದಂತವೈದ್ಯರಿಗೆ ಬಾಯಿ ತೋರಿಸಬೇಕು. ಬಾಯಿಯಲ್ಲಿ ಎರಡು ವಾರಕ್ಕೂ ಮೀರಿ ಮಾಯದ ಹುಣ್ಣಿದ್ದರೂ ಹಾಗೆಯೇ.

ಮೂರು, ಧನುರ್ವಾಯು. ಮುಳ್ಳು, ಮೊಳೆ, ಕುಡಗೋಲು ತಗುಲಿ ಗಾಯವಾದ ಕೆಲವು ದಿನಗಳಲ್ಲಿ ದವಡೆ ಬಿಗಿದು, ಕುತ್ತಿಗೆ ಸೆಟೆದು, ನುಂಗಲು ಕಷ್ಟವಾದರೆ ಅದು ಪ್ರಾಣಾಪಾಯದ ಸೂಚನೆ. ಒಂದು ಗಳಿಗೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ನಾಲ್ಕು, 50 ವರ್ಷ ದಾಟಿದವರಲ್ಲಿ ಹೊಸದಾಗಿ ಕಣತಲೆ ನೋವು ಬಂದು, ಅಗಿಯುತ್ತ ಹೋದಂತೆ ದವಡೆ ಸೋತು ನೋಯುತ್ತಿದ್ದರೆ, ಕಣ್ಣು ಮಂಜಾಗುತ್ತಿದ್ದರೆ, ಅದು ರಕ್ತನಾಳದ ಉರಿಯೂತವಿರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿ ಹೋಗುವ ಸಂಭವವಿದೆ.

ಇವಲ್ಲದೆ ಜ್ವರ, ಕೆನ್ನೆಯ ಬಾವು, ಹಲ್ಲಿನ ಕೀವು, ಬಿದ್ದು ಪೆಟ್ಟಾದ ಮೇಲೆ ಹಲ್ಲುಗಳು ಮೊದಲಿನಂತೆ ಕೂಡದಿರುವುದು, ಮುಖ ಮರಗಟ್ಟುವುದು ಇವೂ ವೈದ್ಯರ ಬಳಿಗೆ ಹೋಗಬೇಕಾದ ಕಾರಣಗಳೇ.

ಬಾಯಿಯ ಅಳತೆ

ಕನ್ನಡಿಯ ಮುಂದೆ ನಿಂತು ತನ್ನದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಜೋಡಿಸಿ ಮುಂಬಲ್ಲುಗಳ ನಡುವೆ ಇಟ್ಟು ನೋಡಬೇಕು. ಮೂರು ಬೆರಳೂ ಹಿಡಿಸಿದರೆ ಬಾಯಿ ಸಾಕಷ್ಟು ತೆರೆಯುತ್ತಿದೆ ಎಂದರ್ಥ. ದೊಡ್ಡವರಲ್ಲಿ ಸಾಮಾನ್ಯವಾಗಿ ಈ ಅಂತರ 40ರಿಂದ 50 ಮಿಲಿಮೀಟರ್ ಇರುತ್ತದೆ. ಎರಡೇ ಬೆರಳು ಹಿಡಿಸಿದರೆ ವೈದ್ಯರನ್ನೋ ಭೌತಚಿಕಿತ್ಸಕರನ್ನೋ ಕಾಣಬೇಕು. ನೋವಿದ್ದಾಗ ಬೆರಳುಗಳನ್ನು ಬಲವಂತವಾಗಿ ತುರುಕಬಾರದು. ವಾರಕ್ಕೊಮ್ಮೆ ಈ ಅಳತೆಯನ್ನು ಬರೆದಿಟ್ಟುಕೊಂಡರೆ ಗುಣವಾಗುತ್ತಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ದವಡೆಗೆ ವಿಶ್ರಾಂತಿ

ಚಿಕಿತ್ಸೆಯ ಅರ್ಧಭಾಗ ವಿಶ್ರಾಂತಿಯೇ. ಬಾಯಿ ಮುಚ್ಚಿದಾಗ ಹಲ್ಲುಗಳೂ ಕೂಡಿರಬೇಕೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಉಣ್ಣುವಾಗ ಮತ್ತು ನುಂಗುವಾಗ ಹೊರತು ಮೇಲಿನ ಕೆಳಗಿನ ಹಲ್ಲುಗಳ ನಡುವೆ ಸಣ್ಣ ಅಂತರ ಇರಬೇಕು. ಇದನ್ನು ಕಲಿಯಲು ಸುಲಭ ಉಪಾಯವಿದೆ. ‘ಅಮ್ಮ’ ಎನ್ನುತ್ತ ‘ಮ್’ ಎಂಬಲ್ಲಿ ನಿಲ್ಲಿಸಬೇಕು. ತುಟಿಗಳು ಕೂಡಿರುತ್ತವೆ, ಹಲ್ಲುಗಳು ಕೂಡಿರುವುದಿಲ್ಲ. ಆಮೇಲೆ ‘ಲ’ ಎನ್ನುವಾಗ ನಾಲಿಗೆಯ ತುದಿ ತಾಕುವ ಜಾಗದಲ್ಲಿ, ಮೇಲಿನ ಮುಂಬಲ್ಲುಗಳ ಹಿಂದೆ, ಅದನ್ನು ಹಗುರವಾಗಿ ಇಡಬೇಕು. ತುಟಿ ಕೂಡಿ, ಹಲ್ಲು ಬಿಟ್ಟು, ನಾಲಿಗೆ ಮೇಲಿರಬೇಕು. ಇದೇ ದವಡೆಯ ವಿಶ್ರಾಂತ ಸ್ಥಿತಿ. ನೀರು ತರುವಾಗ, ಹಿಟ್ಟು ನಾದುವಾಗ, ಗಾಡಿ ನಡೆಸುವಾಗ ಗಂಟೆಗೊಮ್ಮೆ ಇದನ್ನು ನೆನೆಯಬೇಕು. ಪೂಜೆಗೆ ಕುಳಿತಾಗ ಮೊದಲು ಹೆಗಲನ್ನೂ ದವಡೆಯನ್ನೂ ಸಡಿಲಿಸುವುದು ಒಳ್ಳೆಯ ರೂಢಿ.

ನೋವಿರುವ ದಿನಗಳಲ್ಲಿ ರೊಟ್ಟಿಯನ್ನು ಬಿಡಬೇಕಾಗಿಲ್ಲ. ಖಡಕ್ ರೊಟ್ಟಿಗೆ ಬದಲು ಬಿಸಿ ಮೆತ್ತನೆಯ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಉಣ್ಣಬಹುದು. ಮುಟಗಿ, ಜೋಳದ ನುಚ್ಚು, ಅಂಬಲಿ, ಭಜ್ಜಿ, ಮಾದಲಿ ಇವೆಲ್ಲ ನಮ್ಮದೇ ಅಡುಗೆಗಳು, ದವಡೆಗೂ ಹಿತ. ಸಣ್ಣ ತುತ್ತು ಮಾಡಿ ಎರಡೂ ಕಡೆ ಅಗಿಯಬೇಕು. ಕಬ್ಬನ್ನು ಹಲ್ಲಿನಿಂದ ಸಿಗಿಯುವುದು, ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆಯುವುದು, ಉಗುರು ಕಚ್ಚುವುದು ಬೇಡ. ಆಕಳಿಕೆ ಬಂದಾಗ ಮುಷ್ಟಿಯನ್ನು ಗದ್ದದ ಕೆಳಗೆ ಆನಿಸಿ ಬಾಯಿ ಅತಿಯಾಗಿ ತೆರೆಯದಂತೆ ತಡೆಯಬೇಕು. ಬಾಯಿಯನ್ನು ಪೂರ್ಣ ತೆರೆಯುವ ಸಿಂಹಾಸನದಂತಹ ಆಸನವನ್ನೂ ಎತ್ತರದ ದನಿಯ ಭಜನೆಯನ್ನೂ ಕೆಲವು ದಿನ ನಿಲ್ಲಿಸುವುದು ಲೇಸು.

ಮನೆಯಲ್ಲಿ ಮಾಡುವ ವ್ಯಾಯಾಮಗಳು

ಮೊದಲು ಶಾಖ. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಂಗೈಯ ಒಳಭಾಗಕ್ಕೆ ತಾಕಿಸಿ ಬಿಸಿಯನ್ನು ಪರೀಕ್ಷಿಸಿ, ಕೆನ್ನೆಯ ಮೇಲೆ 15 ನಿಮಿಷ ಇಡಬೇಕು. ದಿನಕ್ಕೆ ಎರಡು ಮೂರು ಸಲ ಸಾಕು. ಹೊಸದಾಗಿ ಪೆಟ್ಟು ಬಿದ್ದಿದ್ದರೆ ಮೊದಲ ಎರಡು ದಿನ ಶಾಖ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಟ್ಟರೆ ಹಿತ. ಶಾಖದ ಬಳಿಕ ಎರಡು ಬೆರಳುಗಳಿಂದ ಕೆನ್ನೆಯ ಉಬ್ಬು ಸ್ನಾಯುವನ್ನೂ ಕಣತಲೆಯನ್ನೂ ಒಂದೆರಡು ನಿಮಿಷ ವೃತ್ತಾಕಾರವಾಗಿ ಮೃದುವಾಗಿ ತೀಡಬೇಕು.

ಆಮೇಲೆ ವ್ಯಾಯಾಮ. ಚಿಲಿ ದೇಶದ ಭೌತಚಿಕಿತ್ಸಕ ಮರಿಯಾನೊ ರೊಕಬಾಡೊ ರೂಪಿಸಿದ ಕ್ರಮವೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಆರು ವ್ಯಾಯಾಮ, ಒಂದೊಂದು ಆರು ಸಲ, ದಿನಕ್ಕೆ ಆರು ಹೊತ್ತು ಎಂಬುದು ಅದರ ಲೆಕ್ಕ. ಅದೇ ಮಾದರಿಯಲ್ಲಿ ಸುಲಭವಾದ ಐದನ್ನು ಇಲ್ಲಿ ಹೇಳುತ್ತೇವೆ.

1. ಉಸಿರು: ದವಡೆಯನ್ನು ವಿಶ್ರಾಂತ ಸ್ಥಿತಿಯಲ್ಲಿಟ್ಟು, ಎದೆ ಎತ್ತದೆ ಹೊಟ್ಟೆ ಉಬ್ಬುವಂತೆ ಮೂಗಿನಿಂದ ಆರು ಸಲ ನಿಧಾನವಾಗಿ ಉಸಿರಾಡುವುದು.

2. ತೆರೆಯುವುದು: ನಾಲಿಗೆಯ ತುದಿಯನ್ನು ಅಂಗುಳಿನಿಂದ ಬಿಡದೆ, ಕನ್ನಡಿ ನೋಡುತ್ತ, ಗದ್ದ ಎಡಬಲಕ್ಕೆ ಹೊರಳದಂತೆ ಬಾಯಿಯನ್ನು ನೇರವಾಗಿ ತೆರೆದು ಮುಚ್ಚುವುದು. ನಾಲಿಗೆ ಅಂಗುಳಿನಲ್ಲಿರುವುದರಿಂದ ಕೀಲು ಅತಿಯಾಗಿ ಜಾರುವುದಿಲ್ಲ.

3. ತಡೆ: ಬಾಯಿ ತುಸು ತೆರೆದು, ಎರಡು ಬೆರಳನ್ನು ಗದ್ದದ ಕೆಳಗಿಟ್ಟು ಹಗುರವಾಗಿ ಒತ್ತಿ, ಗದ್ದ ಕದಲದಂತೆ ಆರು ಎಣಿಸುವ ತನಕ ತಡೆಯುವುದು. ಆಮೇಲೆ ಎಡಗಡೆ, ಬಲಗಡೆಯಿಂದಲೂ ಹಾಗೆಯೇ. ಬಲ ಹಾಕಬಾರದು. ಹೂವಿನ ಮೇಲೆ ಬೆರಳಿಟ್ಟಷ್ಟು ಸಾಕು.

4. ಕುತ್ತಿಗೆ: ನೇರವಾಗಿ ಕುಳಿತು, ತಲೆ ಬಾಗಿಸದೆ ಗದ್ದವನ್ನು ಹಿಂದಕ್ಕೆ ಎಳೆದು ಆರು ಎಣಿಸಿ ಬಿಡುವುದು.

5. ಹೆಗಲು: ಎರಡೂ ಹೆಗಲೆಲುಬುಗಳನ್ನು ಬೆನ್ನಿನ ನಡುವಿಗೆ ತಂದು, ತುಸು ಕೆಳಕ್ಕೆ ಇಳಿಸಿ ಬಿಡುವುದು.

ದಿನಕ್ಕೆ ಆರು ಹೊತ್ತು ಆಗದವರು ಮೂರು ಹೊತ್ತಾದರೂ ತಪ್ಪದೆ ಮಾಡಬೇಕು. ತುಸು ಸೆಳೆತ ಇದ್ದರೆ ಅಡ್ಡಿಯಿಲ್ಲ. ವ್ಯಾಯಾಮದಿಂದ ಹೆಚ್ಚಿದ ನೋವು ಒಂದು ಗಂಟೆಯಾದರೂ ಇಳಿಯದಿದ್ದರೆ ಮರುದಿನ ಪ್ರಮಾಣವನ್ನು ಅರ್ಧಕ್ಕಿಳಿಸಬೇಕು. ಬೆರಳಿನಿಂದ ಬಾಯಿಯನ್ನು ಅಗಲಿಸುವ ವ್ಯಾಯಾಮವನ್ನು ಚಿಕಿತ್ಸಕರು ತೋರಿಸಿಕೊಡದೆ ಮಾಡಬಾರದು.

ಭೌತಚಿಕಿತ್ಸಕರು ಮಾಡುವುದೇನು?

ಎರಡು ಮೂರು ವಾರಗಳಲ್ಲಿ ಗುಣ ಕಾಣದಿದ್ದರೆ ತಾಲೂಕು ಆಸ್ಪತ್ರೆಯ ದಂತವೈದ್ಯರಿಗೆ ಮೊದಲು ತೋರಿಸಬೇಕು. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ನಿಜಲಿಂಗಪ್ಪ ದಂತ ಮಹಾವಿದ್ಯಾಲಯವೂ ಇವೆ. ಭೌತಚಿಕಿತ್ಸಕರು ಬಾಯಿಯ ಅಳತೆ, ಗದ್ದದ ದಾರಿ, ಸ್ನಾಯುಗಳ ನೋವು, ಕುತ್ತಿಗೆಯ ಚಲನೆ ಇವನ್ನು ಪರೀಕ್ಷಿಸುತ್ತಾರೆ. ಕೈಗವಸು ಧರಿಸಿ ಹೆಬ್ಬೆರಳನ್ನು ಬಾಯೊಳಗಿಟ್ಟು ಕೀಲನ್ನು ಮೃದುವಾಗಿ ಕೆಳಕ್ಕೂ ಮುಂದಕ್ಕೂ ಎಳೆದು ಸಡಿಲಿಸುತ್ತಾರೆ. ಸ್ನಾಯುವಿನೊಳಗಿನ ನೋವಿನ ಗಂಟುಗಳನ್ನು ಒತ್ತಿ ಬಿಡಿಸುತ್ತಾರೆ. ಯಂತ್ರಗಳಿಂದ ಕೊಡುವ ವಿದ್ಯುತ್ ಅಥವಾ ಧ್ವನಿತರಂಗದ ಶಾಖ ಸಹಾಯಕ ಮಾತ್ರ, ಅದೇ ಚಿಕಿತ್ಸೆಯಲ್ಲ. ಬಸ್ಸಿಗೆ ದುಡ್ಡು ಕೊಟ್ಟು, ಒಂದು ದಿನದ ಕೂಲಿ ಬಿಟ್ಟು ಪಟ್ಟಣಕ್ಕೆ ಹೋದವರು, ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಅಲ್ಲಿಯೇ ಒಮ್ಮೆ ಮಾಡಿ ತೋರಿಸಿ, ಸರಿಯೇ ಎಂದು ಕೇಳಿ ಬರಬೇಕು. ಆಗ ಪದೇಪದೇ ಓಡಾಡುವುದು ತಪ್ಪುತ್ತದೆ.

ದೊಡ್ಡ ಆಕಳಿಕೆಯಲ್ಲಿ ಕೀಲು ಜಾರಿ ಬಾಯಿ ತೆರೆದೇ ನಿಂತುಬಿಟ್ಟರೆ ಗಾಬರಿಪಡದೆ, ಗದ್ದಕ್ಕೆ ಬಟ್ಟೆಯ ಆಧಾರ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ತಿಳಿಯದವರು ಗುದ್ದುವುದು, ಜಗ್ಗುವುದು ಎಲುಬು ಮುರಿಯಲು ಕಾರಣವಾಗಬಹುದು. ನೋವಿಗೆ ಬರೆ ಹಾಕುವ ಪದ್ಧತಿಯನ್ನಂತೂ ಕೈಬಿಡಲೇಬೇಕು. ಬರೆಯಿಂದ ಚರ್ಮ ಸುಡುತ್ತದೆಯೇ ಹೊರತು ಕೀಲಿಗೆ ಏನೂ ತಲುಪುವುದಿಲ್ಲ.

ಮನಸ್ಸು ಮತ್ತು ದವಡೆ

ಹಲ್ಲು ಕಚ್ಚಿ ಸಹಿಸುವುದು ಎಂಬ ಮಾತು ನಮ್ಮ ಭಾಷೆಯಲ್ಲಿದೆ. ಕಷ್ಟವನ್ನು ಒಳಗೇ ನುಂಗಿದವರ ದವಡೆ ನಿಜವಾಗಿಯೂ ಆ ಕಷ್ಟವನ್ನು ಹೊರುತ್ತದೆ. ನೋವಿನ ಮೂಲ ಚಿಂತೆಯೆಂದರೆ ನೋವು ಸುಳ್ಳೆಂದು ಅರ್ಥವಲ್ಲ. ಸ್ನಾಯು ದಣಿದಿರುವುದು ನಿಜ, ದಣಿಸಿದ್ದು ಚಿಂತೆ. ಆದ್ದರಿಂದ ಮನೆಯ ಹೆಣ್ಣುಮಕ್ಕಳು ದವಡೆ ನೋಯುತ್ತದೆ ಎಂದಾಗ ‘ಏನೂ ಆಗಿಲ್ಲ’ ಎಂದು ತಳ್ಳಿಹಾಕದೆ, ನಿದ್ರೆ ಬರುತ್ತಿದೆಯೇ, ಏನು ಚಿಂತೆ ಎಂದು ಕೇಳುವುದೂ ಆರೈಕೆಯೇ. ಚಿಂತೆ ಮಿತಿಮೀರಿದವರು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾಯಕಕ್ಕೆ ಕೈಕಾಲು ಬೇಕಾದಂತೆ, ಉಣ್ಣುವುದಕ್ಕೂ ನುಡಿಯುವುದಕ್ಕೂ ದವಡೆ ಬೇಕು. ಇಂದಿನ ಊಟ ಮುಗಿದ ಮೇಲೆ ಒಮ್ಮೆ ಗಮನಿಸಿರಿ: ತುಟಿ ಕೂಡಿದೆಯೇ, ಹಲ್ಲು ಬಿಟ್ಟಿದೆಯೇ, ನಾಲಿಗೆ ಮೇಲಿದೆಯೇ? ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ಕಲಿಸಿರಿ. ಅಡಿಕೆ ಚೀಟಿ ಹಿಡಿದ ಮಗನಿದ್ದರೆ, ಮೂರು ಬೆರಳು ಬಾಯಲ್ಲಿ ಹಿಡಿಸುತ್ತವೆಯೇ ಎಂದು ಇಂದೇ ನೋಡಿರಿ.

ಸರ್ವರಿಗೂ ಆರೋಗ್ಯವುಂಟಾಗಲಿ.